ಮಹಾರಾಜ ಪಾರ್ಕಿನ ಸಂಶೋಧನಾ ವಿಭಾಗ

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ಆರೂವರೆಗೆ ಎರಡು ಸುತ್ತು ಹಾಕಿದರೆ ಸಾಕು, ಕ್ಯಾನ್ಸರ್ ವಾಸಿ. ಮೊದಲ ಸುತ್ತಿನಲ್ಲಿ ಔಷಧಿ ಪತ್ತೆಯಾಗುತ್ತದೆ, ಎರಡನೆಯದರಲ್ಲಿ ಡೋಸು ಗೊತ್ತಾಗುತ್ತದೆ. ಆಮೇಲೆ ಕಾಫಿ ಹೀರುತ್ತಾ, ಇದನ್ನೆಲ್ಲ ಕಂಪನಿಯವರು ಮುಚ್ಚಿಟ್ಟಿದ್ದಾರೆ ಎಂಬ ತೀರ್ಪೂ ಹೊರಬೀಳುತ್ತದೆ.

ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ವಾರದಿಂದ ಈ ವಿಭಾಗ ಮನೆಗೇ ಬರತೊಡಗಿತು. ಅಡುಗೆಮನೆಯ ಕಟ್ಟೆ ಮೇಲೆ ಹಾಲಿನ ಪಾತ್ರೆ ಇಡಲು ಜಾಗವಿಲ್ಲ. ಹನುಮಫಲ ನಾಲ್ಕು, ಅದರ ಎಲೆ ಒಂದು ಚೀಲ, ಅಮೃತಬಳ್ಳಿ ಒಂದು ಕಂತೆ, ಇರುವೆ ಮುತ್ತಿದ ಯಾವುದೋ ಬೇರು. ಹನುಮಫಲವಂತೂ ಕೀಮೋಗಿಂತ ಹತ್ತು ಸಾವಿರ ಪಟ್ಟು ಜೋರಂತೆ. ಯಾವ ತಕ್ಕಡಿಯಲ್ಲಿ ತೂಗಿದ್ದು ಅಂತ ಕೇಳಿದೆ.

"ಲ್ಯಾಬಲ್ಲೇ ಪ್ರೂವ್ ಆಗಿದೆ ಕಣ್ರೀ," ಅಂದರು ನಿವೃತ್ತ ಮೇಷ್ಟ್ರು.

ಲ್ಯಾಬಲ್ಲಿ ಆಗಿದೆ, ಸುಳ್ಳಲ್ಲ. ಗಾಜಿನ ತಟ್ಟೆಯಲ್ಲಿ. ಇಂಥ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಬರುವ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳು 1970ರಲ್ಲಿ ಅಮೆರಿಕದ ಒಬ್ಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ಬಂದವು. ಆಕೆ ತೀರಿಕೊಂಡು ಅರ್ಧ ಶತಮಾನ ದಾಟಿತು, ಕೋಶಗಳು ಮಾತ್ರ ಲೋಕದ ಲ್ಯಾಬುಗಳಲ್ಲಿ ಇನ್ನೂ ಬೆಳೆಯುತ್ತಿವೆ. ಪಾಪ, ಅರಿಶಿನದ ಸಾರ ಸುರಿದರೂ ಸಾಯುತ್ತವೆ, ಎಲೆಯ ರಸ ಸುರಿದರೂ ಸಾಯುತ್ತವೆ. ಫಿನಾಯಿಲ್ ಸುರಿದರೆ ಇನ್ನೂ ಬೇಗ. ಆದರೆ ತಟ್ಟೆಗೆ ಹೊಟ್ಟೆಯಿಲ್ಲ, ಕರುಳಿಲ್ಲ, ಲಿವರ್ ಇಲ್ಲ. ನಾವು ತಿಂದ ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಇಳಿಯುವುದೇ ಚೂರುಪಾರು. ಇಲ್ಲದಿದ್ದರೆ ದಿನಾ ಸಾರು ಉಂಡು ಬೆಳೆದ ಜಿಲ್ಲೆಯಲ್ಲಿ ಈ ಕಾಯಿಲೆಯೇ ಇರಬಾರದಿತ್ತು.

ಮೇಷ್ಟ್ರ ಮುಖ್ಯ ತಕರಾರು ಅತ್ತಿಗೆಯ ಡ್ರಿಪ್ಪಿನ ಮೇಲೆ. "ಬರೀ ಕೆಮಿಕಲ್ಲು ಕಣಮ್ಮ ಅದು. ಗಿಡಮೂಲಿಕೆ ಕಡೆ ಬಾ."

ಅತ್ತಿಗೆಗೆ ಹನಿ ಹನಿಯಾಗಿ ಇಳಿಯುತ್ತಿದ್ದುದು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು. ತೊಗಟೆ ಸುಲಿದದ್ದು 1962ರಲ್ಲಿ, ಸ್ತನ ಕ್ಯಾನ್ಸರಿಗೆ ಕೊಡಬಹುದು ಎಂದು ಅಲ್ಲಿನ ಸರ್ಕಾರ ಒಪ್ಪಿದ್ದು 1994ರಲ್ಲಿ. ಮೂವತ್ತೆರಡು ವರ್ಷ. ಪಾರ್ಕಿನ ಲೆಕ್ಕದಲ್ಲಿ ಎರಡು ಸುತ್ತು. ಅದು ನೀರಲ್ಲಿ ಕರಗುವುದಿಲ್ಲವೆಂದು ಹರಳೆಣ್ಣೆಯಿಂದ ತಯಾರಿಸಿದ ದ್ರವದಲ್ಲಿ ಕಲಸಿ ಕೊಡುತ್ತಾರೆ. ಮರದ ತೊಗಟೆ, ಹರಳೆಣ್ಣೆ! ಇದಕ್ಕಿಂತ ನಾಟಿ ಮದ್ದು ಇನ್ನೇನು ಬೇಕು? ಮೇಲೆ ಇಂಗ್ಲಿಷ್ ಲೇಬಲ್ ಇದೆ, ಅದೊಂದೇ ತಪ್ಪು.

ಇಷ್ಟಕ್ಕೂ ಸಕಲೇಶಪುರದಾಚೆಯ ಘಟ್ಟ ಸಾಲಿನಲ್ಲಿ ದುರ್ವಾಸನೆ ಮರ ಅಂತ ಒಂದಿದೆ. ಅದರಲ್ಲಿರುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿನ ವಂಶದ ಒಂದು ಅಣುವನ್ನು ಹೊತ್ತ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಒಂದು ಹಟಮಾರಿ ಬಗೆಯ ಸ್ತನ ಕ್ಯಾನ್ಸರಿಗೆ. ನಮ್ಮ ಮೊಬೈಲಿಗೆ ಇದರ ಫಾರ್ವರ್ಡ್ ಒಂದೂ ಬಂದಿಲ್ಲ. ಹೆಸರು ಹಾಗಿದೆಯಲ್ಲ, ಗುಡ್ ಮಾರ್ನಿಂಗ್ ಜೊತೆ ಕಳಿಸೋದು ಹೇಗೆ? ವ್ಯಾಪಾರಿಗಳು ಮಾತ್ರ ಮೂಗು ಮುಚ್ಚಿಕೊಂಡು ಘಟ್ಟದುದ್ದಕ್ಕೂ ಕಡಿದು ಸಾಗಿಸಿದರು.

ಮೊನ್ನೆ ಮೇಷ್ಟ್ರು ಐದನೇ ಹನುಮಫಲದೊಂದಿಗೆ ಬಂದಾಗ ಅತ್ತಿಗೆ ತಲೆಯ ಟವೆಲ್ ಸರಿ ಮಾಡಿಕೊಂಡು ಹೇಳಿಯೇಬಿಟ್ಟರು: "ನಂಗೆ ಕೊಡ್ತಿರೋದೂ ಮರದ್ದೇ ಮೇಷ್ಟ್ರೆ. ತೊಗಟೆ."

ಮೇಷ್ಟ್ರ ಮುಖ ಅರಳಿತು. "ಮೊದಲೇ ಹೇಳಬಾರ್ದಿತ್ತಾ! ಆ ಬಾಟ್ಲಿ ಸಹವಾಸ ಯಾಕೆ? ತೊಗಟೇನೇ ತರಿಸೋಣ, ಕಷಾಯ ಕಾಯಿಸಿದ್ರಾಯ್ತು."

"ಆ ಮರದ ಸೊಪ್ಪು ಮೇಯ್ದು ದನಗಳೇ ಸತ್ತಿವೆಯಂತೆ."

ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು.

"ಜೇನುತುಪ್ಪದಲ್ಲಿ ತಗೊಂಡ್ರೆ ಏನೂ ಆಗಲ್ಲ ಕಣಮ್ಮ."