ಬಿಡುವು ಬೇಕಾದಷ್ಟಿತ್ತು, ಬೇಕಾಗಿದ್ದದ್ದು ಕೆಲಸ

"ಯಾವುದರಲ್ಲೂ ಮನಸ್ಸೇ ಇಲ್ಲ ಕಣೇ" ಎಂಬ ಮಾತನ್ನು ಈಚೆಗೆ ತುಂಬ ಕೇಳುತ್ತಿದ್ದೇನೆ. ಐವತ್ತು ದಾಟಿದ ನನ್ನ ಗೆಳತಿಯರು ಹೇಳುತ್ತಾರೆ. ನಿವೃತ್ತರಾದ ಅವರ ಯಜಮಾನರು ಬಾಯಿಬಿಟ್ಟು ಹೇಳದಿದ್ದರೂ ಮುಖ ನೋಡಿದರೆ ತಿಳಿಯುತ್ತದೆ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿದ್ದಾರೆ, ಮನೆಯ ಸಾಲ ತೀರಿದೆ, ಮಧ್ಯಾಹ್ನದ ಅಡುಗೆ ಮುಗಿದರೆ ಸಂಜೆಯವರೆಗೆ ಹೊತ್ತು ಹೋಗುವುದಿಲ್ಲ. ಇಂಥವರಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ನಿಮಗಾಗಿ ಸ್ವಲ್ಪ ಸಮಯ ಇಟ್ಟುಕೊಳ್ಳಿ, ಎಲ್ಲಾದರೂ ಹೋಗಿ ಬನ್ನಿ, ಮನಸ್ಸಿಗೆ ಹಿಡಿಸಿದ್ದನ್ನು ಮಾಡಿ.

ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ಸಮಯ ಇಟ್ಟುಕೊಳ್ಳಿ ಎನ್ನುವುದು ಸಮಯವಿಲ್ಲದವರಿಗೆ ಹೇಳುವ ಮಾತು. ನಮಗಿರುವುದೆಲ್ಲ ಸಮಯವೇ. ಮನಸ್ಸಿಗೆ ಹಿಡಿಸಿದ್ದು ಯಾವುದು ಎಂದು ಗೊತ್ತಿದ್ದರೆ ನಾವು ಈ ಸ್ಥಿತಿಗೆ ಬರುತ್ತಲೇ ಇರಲಿಲ್ಲ. ಇನ್ನು ಪ್ರವಾಸ. ಹೋಗುವ ಮುಂಚಿನ ವಾರ ಸಡಗರ, ಅಲ್ಲಿದ್ದಷ್ಟು ದಿನ ಫೋಟೊ, ಬಂದ ಮೂರನೆಯ ದಿನಕ್ಕೆ ಮತ್ತೆ ಅದೇ ಮಂಕು. ಉತ್ಸಾಹವನ್ನು ನಾವು ಹಾಸನಾಂಬೆಯ ದರ್ಶನದಂತೆ ಭಾವಿಸಿಬಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆಯುತ್ತದೆ, ಸಾಲಿನಲ್ಲಿ ನಿಂತು ಕಣ್ತುಂಬಿಕೊಳ್ಳಬೇಕು, ಆಮೇಲೆ ಮುಂದಿನ ವರ್ಷದವರೆಗೆ ಕಾಯಬೇಕು. ದೇವಿಯ ವಿಷಯದಲ್ಲಿ ಅದು ಸರಿ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಮನೆಯಲ್ಲಿ ಒಬ್ಬಳೇ ಕುಳಿತವಳಿಗೆ ಅದು ಸಾಲದು.

ನನ್ನ ಮಟ್ಟಿಗೆ ದಾರಿ ತೋರಿಸಿದ್ದು ಒಂದು ಕಲ್ಲು. ನನ್ನ ಅತ್ತೆಯವರ ಊರು ಹಾಸನದಿಂದ ಹೆಚ್ಚು ದೂರವಿಲ್ಲ. ಅಲ್ಲಿಯ ಕೆರೆ ಏರಿಯ ಪಕ್ಕದಲ್ಲಿ ಒಂದು ವೀರಗಲ್ಲಿದೆ. ಮದುವೆಯಾಗಿ ಬಂದಾಗಿನಿಂದ ನೋಡುತ್ತಲೇ ಇದ್ದೆ. ಹಬ್ಬದ ದಿನ ಯಾರಾದರೂ ಅರಿಸಿನ ಕುಂಕುಮ ಹಚ್ಚುತ್ತಾರೆ, ಉಳಿದ ದಿನ ಅದರ ಮೇಲೆ ಬಟ್ಟೆ ಒಣಗುತ್ತದೆ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಒಮ್ಮೆ ಊರಿಗೆ ಬಂದಿದ್ದಾಗ ಅದರ ಮುಂದೆ ಮಂಡಿಯೂರಿ ಕುಳಿತು, ಕಲ್ಲಿನ ಪಟ್ಟಿಕೆಯ ಮೇಲೆ ಬೆರಳಾಡಿಸುತ್ತ ಮಗ್ಗಿ ಒಪ್ಪಿಸುವ ಹುಡುಗನಂತೆ ಓದತೊಡಗಿದರು. ಕಲ್ಲಿನಲ್ಲಿ ಬರಹವಿದೆ ಎಂಬುದೇ ನನಗೆ ಹೊಳೆದಿರಲಿಲ್ಲ. "ನೀವೂ ಕಲಿಯಬಹುದು, ಆದರೆ ವಾರಕ್ಕೆರಡು ದಿನ ತಪ್ಪದೆ ಬರಬೇಕು" ಎಂದರು. ಅವರು ಹಾಕಿದ ಆ ಷರತ್ತೇ ನನ್ನನ್ನು ಎಬ್ಬಿಸಿತು ಎಂದು ಈಗ ಅನ್ನಿಸುತ್ತದೆ. ಯಾರೂ ನನ್ನಿಂದ ಏನನ್ನೂ ಖಡಾಖಂಡಿತವಾಗಿ ಕೇಳಿ ಬಹಳ ಕಾಲವಾಗಿತ್ತು.

ಕಲಿಕೆ ಸುಲಭವಾಗಿರಲಿಲ್ಲ, ಮೊದಮೊದಲು ಹಿತವಾಗಿಯೂ ಇರಲಿಲ್ಲ. ಹೊಯ್ಸಳರ ಕಾಲದ ಅಕ್ಷರ ದುಂಡಗೆ, ಅಂದವಾಗಿ ಕಾಣುತ್ತದೆ. ನೋಡಿದವರಿಗೆ ಇದು ನಮ್ಮ ಕನ್ನಡವೇ ತಾನೇ ಎನ್ನಿಸುತ್ತದೆ. ಓದಲು ಹೊರಟರೆ ವ ಯಾವುದು, ಮ ಯಾವುದು ಎಂದು ತಲೆ ಕೆಡುತ್ತದೆ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಈಗ ನಾವು ಬಳಸದ ಱ, ೞ ನಡುನಡುವೆ ಬರುತ್ತವೆ. ಕಾಲದ ಲೆಕ್ಕ ಶಕವರ್ಷದಲ್ಲಿ, ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಅದರ ಜೊತೆಗೆ ಸಂವತ್ಸರ, ಮಾಸ, ತಿಥಿ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದ ಶಕ 1039 ಹೇವಿಳಂಬಿ ಸಂವತ್ಸರ, ಅಂದರೆ 1117. ಅರವತ್ತು ವರ್ಷದ ಚಕ್ರ ಹದಿನೈದು ಸುತ್ತು ತಿರುಗಿ ನಮ್ಮ 2017ರ ಯುಗಾದಿಗೆ ಮತ್ತೆ ಹೇವಿಳಂಬಿಯೇ ಬಂದಿತ್ತು. ಆ ವರ್ಷದ ಹಳೆಯ ಕ್ಯಾಲೆಂಡರ್ ನಮ್ಮ ಅಟ್ಟದ ಮೇಲಿತ್ತು, ತೆಗೆದು ನೋಡಿದೆ. ಇಷ್ಟು ಸಣ್ಣ ಲೆಕ್ಕಕ್ಕೆ ಅಷ್ಟೊಂದು ಸಂತೋಷವಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಂಬುತ್ತಿರಲಿಲ್ಲ.

ಅಕ್ಷರ ಸವೆದ ಕಲ್ಲನ್ನು ನಡುಹಗಲಿನಲ್ಲಿ ಓದಲಾಗುವುದಿಲ್ಲ. ಬಿಸಿಲು ನೆತ್ತಿಯ ಮೇಲಿದ್ದರೆ ಗೀರುಗಳು ಮುಚ್ಚಿಹೋಗುತ್ತವೆ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು, ಬೆಳಕನ್ನು ಓರೆಯಾಗಿ ಹಾಯಿಸಬೇಕು. ಆಗ ಪ್ರತಿಯೊಂದು ಗೀರಿಗೂ ಒಂದು ನೆರಳು ಹುಟ್ಟುತ್ತದೆ. ಹಾಗೆಯೇ ಒಂದು ಸಂಜೆ, ನನ್ನ ಯಜಮಾನರು ಟಾರ್ಚ್ ಹಿಡಿದಿದ್ದರು, ಪಕ್ಕದ ಮನೆಯ ಪಿಯುಸಿ ಹುಡುಗಿ ನೋಟ್‌ಬುಕ್ ಹಿಡಿದಿದ್ದಳು. ಮೊದಲು ತ, ಅದಕ್ಕೆ ಉಕಾರ. ಮುಂದಿನದು ನಾವು ತಿಳಿದ ಯಾವ ಅಕ್ಷರವೂ ಅಲ್ಲ. ಬೆಳಕನ್ನು ಎಡಕ್ಕೆ ತಿರುಗಿಸಿದೆವು, ಬಲಕ್ಕೆ ತಿರುಗಿಸಿದೆವು. "ಆಂಟಿ, ಅದು ಱ" ಎಂದಳು ಹುಡುಗಿ. ತುಱು. ದನ! ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನ ಹಿಂದೆ ನಾವು ಬಂಡೆಯ ಉಬ್ಬು ಎಂದುಕೊಂಡಿದ್ದದ್ದು ದನದ ಕೊಂಬು ಮತ್ತು ಬೆನ್ನು. ಯಾರೋ ಊರಿನ ದನಗಳನ್ನು ಹೊಡೆದುಕೊಂಡು ಹೋಗಿದ್ದಾರೆ, ಇವನು ಬೆನ್ನಟ್ಟಿ ಹೋಗಿ ಅವುಗಳನ್ನು ಮರಳಿಸಿ ಸತ್ತಿದ್ದಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ, ಮೇಲೆ ಕೈಲಾಸ, ಲಿಂಗ, ಸೂರ್ಯ ಚಂದ್ರರು. "ತುಱುವಂ ಮಗುೞ್ಚಿ ಸುರಲೋಕಪ್ರಾಪ್ತನಾದ" ಎಂಬ ಒಕ್ಕಣೆ ಕರ್ನಾಟಕದ ಎಷ್ಟೋ ವೀರಗಲ್ಲುಗಳಲ್ಲಿದೆ. ಅದನ್ನು ಪುಸ್ತಕದಲ್ಲಿ ಓದುವುದು ಬೇರೆ, ನಾವು ದಿನವೂ ಹಾಲು ತರುವ ದಾರಿಯಲ್ಲಿ ಓದುವುದು ಬೇರೆ. ಅವನ ಹೆಸರಿದ್ದ ಜಾಗ ಮಾತ್ರ ಚಕ್ಕೆ ಎದ್ದು ಹೋಗಿದೆ. ಅದಕ್ಕಾಗಿ ನನಗೆ ಈಗಲೂ ಸಂಕಟವಾಗುತ್ತದೆ.

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯಲ್ಲಿ ಹಾಸನ ಜಿಲ್ಲೆಯ ಸಂಪುಟವನ್ನು ಹೊರತಂದದ್ದು 1902ರಲ್ಲಿ. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಆ ಮನುಷ್ಯ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದವರು ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. ಆ ಪುಟಗಳಲ್ಲಿ ಓದಲಾಗದ ಅಕ್ಷರದ ಜಾಗದಲ್ಲಿ ಚುಕ್ಕಿಗಳಿರುತ್ತವೆ. ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ನಿಂತರೆ, ಅಂದು ಅವರಿಗೆ ಕಂಡ ಅಕ್ಷರ ಇಂದು ನಮಗೆ ಕಾಣದೆ ಹೋಗುವುದುಂಟು. ಮಳೆ ತಿಂದಿರುತ್ತದೆ, ಸುಣ್ಣ ಮುಚ್ಚಿರುತ್ತದೆ, ನಿಧಿಯ ಆಸೆಗೆ ಯಾರೋ ಒಡೆದಿರುತ್ತಾರೆ. ನಾನು ಈ ವರ್ಷ ಓದದಿದ್ದರೆ ಮುಂದಿನ ವರ್ಷಕ್ಕೆ ಇನ್ನೊಂದು ಅಕ್ಷರ ಇರುವುದಿಲ್ಲ ಎಂಬ ತಿಳಿವಳಿಕೆ ಬಂದ ಮೇಲೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೆ ಬೇರೆ ಯಾವ ಉಪದೇಶವೂ ಬೇಕಾಗಲಿಲ್ಲ.

ಮೊದಲು ಆಸಕ್ತಿ ಹುಟ್ಟಬೇಕು, ಆಮೇಲೆ ಕೆಲಸಕ್ಕೆ ಕೈಹಾಕಬೇಕು ಎಂದು ನಾವು ಕಾಯುತ್ತೇವೆ. ಆಸಕ್ತಿ ಹಾಗೆ ಬರುವುದಿಲ್ಲ. ಕೆಲಸ ತುಸು ಕಷ್ಟದ್ದಾಗಿರಬೇಕು, ಕಲಿತಷ್ಟೂ ಉಳಿದಿರಬೇಕು. ಕಾಲ್ನಡಿಗೆಯಲ್ಲೋ ಒಂದು ಬಸ್ಸಿನಲ್ಲೋ ಮುಟ್ಟುವ ಹಾಗಿರಬೇಕು, ಇಲ್ಲದಿದ್ದರೆ ಅದು ದಿನಚರಿಯೊಳಗೆ ಸೇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಬಾರದಿದ್ದರೆ "ಯಾಕೆ ಬರಲಿಲ್ಲ?" ಎಂದು ಕೇಳುವವರಿರಬೇಕು. ನನ್ನ ಗೆಳತಿಯೊಬ್ಬಳ ಯಜಮಾನರು ಬಸ್ ಓಡಿಸಿ ನಿವೃತ್ತರಾದವರು. ಅವರು ಈಗ ತಮ್ಮ ಬೀದಿಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುತ್ತಾರೆ. ಅವರಿಗೆ ಶಾಸನವೂ ಬೇಡ, ಗುಡಿಯೂ ಬೇಡ. ಐದು ಗಂಟೆಗೆ ಗೇಟಿನ ಸದ್ದಾದರೆ ಅವರ ಮುಖವನ್ನು ನೋಡಬೇಕು!

ದಿನದ ಕೆಲಸಗಳು ನನಗೆ ಕಡಿಮೆಯಾಗಿಲ್ಲ. ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ ತರಕಾರಿ ತರುವುದು, ಸಾರಿಗೆ ಪುಡಿ ಮಾಡುವುದು, ಬ್ಯಾಂಕಿನ ಓಡಾಟ ಎಲ್ಲವೂ ಹಾಗೆಯೇ ಇವೆ. ಆದರೆ ಈಗ ಅವು ಭಾರವಾಗುವುದಿಲ್ಲ. ಶಾಸನಗಳಲ್ಲಿ ಬರುವುದೂ ಬಹುಪಾಲು ಇಂಥವೇ. ಇಷ್ಟು ಗದ್ಯಾಣ ಹೊನ್ನು, ಇಷ್ಟು ಸಲಗೆ ಗದ್ದೆ, ನಂದಾದೀಪಕ್ಕೆ ಎಣ್ಣೆ, ಕೆರೆಯ ತೂಬಿನ ದುರಸ್ತಿ. ಕೊನೆಗೆ ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ ಎಂಬ ಶಾಪಾಶಯದ ಶ್ಲೋಕ. ಗದ್ದೆಗೆ ನೀರು ಬಿಡುವುದನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ಮುಖ್ಯವೆಂದು ತಿಳಿದಿದ್ದವರ ಮಧ್ಯೆ ಓಡಾಡಿದ ಮೇಲೆ, ನನ್ನ ದಿನಸಿ ಚೀಟಿಯನ್ನೂ ಗೌರವದಿಂದಲೇ ಬರೆಯುತ್ತೇನೆ.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು 12ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು ರಾಜನಲ್ಲ. ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆಯ ಪಕ್ಕದಲ್ಲಿ, ನಾಲ್ಕು ಗರ್ಭಗುಡಿಗಳ ಚಿಕ್ಕ ದೇವಾಲಯ. ಮನೆ ನಡೆಸಿದ ಒಬ್ಬ ಹೆಂಗಸಿನ ಹೆಸರು ಒಂಬೈನೂರು ವರ್ಷ ಉಳಿದಿದೆ ಎನ್ನುವುದು ಶಾಸನ ಓದಲು ಸೇರುವ ನಮ್ಮ ಗುಂಪಿನ ಹೆಂಗಸರಿಗೆ ಎಷ್ಟು ಹಿಡಿಸಿತೆಂದರೆ, ಅಲ್ಲಿಗೆ ಹೋದಾಗಲೆಲ್ಲ ಯಾರಾದರೊಬ್ಬರು "ಸಹಜಾದೇವಿಯವರ ಮನೆಗೆ ಬಂದೆವು" ಎನ್ನುತ್ತಾರೆ. 2023ರಲ್ಲಿ ಬೇಲೂರು ಮತ್ತು ಹಳೇಬೀಡು ಸೋಮನಾಥಪುರದೊಂದಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನನಗೂ ಹೆಮ್ಮೆಯೇ. ಆದರೆ ಅಲ್ಲಿ ಕಾವಲಿದೆ, ಮಾರ್ಗದರ್ಶಕರಿದ್ದಾರೆ. ಕೆರೆ ಏರಿಯ ಕಲ್ಲುಗಳಿಗೆ ಇರುವುದು ಊರಿನವರು ಮಾತ್ರ. ಸುಮಾರು 450ರ ಹಲ್ಮಿಡಿ ಶಾಸನ ಸಿಕ್ಕಿದ್ದೂ ನಮ್ಮ ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಬುದನ್ನು ಮರೆಯಬಾರದು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುವ ಸ್ಥಿತಿಗೆ ಕಲ್ಲೂ ಮದ್ದಲ್ಲ, ಗುಂಪೂ ಮದ್ದಲ್ಲ. ಅದು ಕಾಯಿಲೆ, ವೈದ್ಯರನ್ನು ನೋಡಲೇಬೇಕು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಯಾರಿಗಾದರೂ "ಏನಾದರೂ ಹವ್ಯಾಸ ಇಟ್ಟುಕೊಳ್ಳಿ" ಎನ್ನುವ ಮುನ್ನ ಇದನ್ನು ವಿಚಾರಿಸಿ.

ಬರುವ ಭಾನುವಾರ ನಾವು ಹಾಸನದ ಹತ್ತಿರದ ಮೊಸಳೆ ಎಂಬ ಹಳ್ಳಿಗೆ ಹೋಗುತ್ತಿದ್ದೇವೆ. ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳನ್ನು ನೋಡಿ, ನೆರಳಲ್ಲಿ ಬುತ್ತಿ ಬಿಚ್ಚಿ, ಹೊಸಬರಿಗೆ ಅಕ್ಷರ ಗುರುತಿಸುವುದನ್ನು ಹೇಳಿಕೊಡುತ್ತೇವೆ. ಹಾಸನದಲ್ಲಿರುವವರು ಬರಬಹುದು, ಏನೂ ಗೊತ್ತಿರಬೇಕಾಗಿಲ್ಲ. ಬರಲಾಗದವರು ನಿಮ್ಮ ಊರಿನ ಕಲ್ಲಿನ ಫೋಟೊ ಕಳುಹಿಸಿ. ಸಂಜೆ ಓರೆ ಬೆಳಕಿನಲ್ಲಿ ತೆಗೆಯಿರಿ. ಮೇಲೆ ಸುಣ್ಣವಿದ್ದರೆ ತಂತಿಯ ಬ್ರಷ್ಷಿನಿಂದ ಉಜ್ಜಬೇಡಿ, ಅಕ್ಷರಕ್ಕೆ ಬಣ್ಣ ತುಂಬಬೇಡಿ. ಊರಿನ ಹಿರಿಯರಿಗೆ ಮೊದಲು ತಿಳಿಸಿ, ಇಲ್ಲದಿದ್ದರೆ ನಿಧಿಗೆ ಬಂದವರೆಂದು ತಿಳಿದಾರು. ಕಲ್ಲಿನ ಸುತ್ತ ಬೆಳೆದ ಕಳೆಯನ್ನು ಕಿತ್ತರೆ ಸಾಕು, ಓದುವುದಕ್ಕೆ ನಾವು ಬರುತ್ತೇವೆ.