ಆರ್ಟ್ಸ್ ಮೇಷ್ಟ್ರುಗಳು ಯಾವ ದಾರೀಲಿ ಬಂದವರು?

ನಮ್ಮ ಬಾಯ್ಸ್ ಹೈಸ್ಕೂಲಿನ ಎಂಬತ್ತರ ದಶಕದ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಿದ್ದಾರೆ. ಶಾಲು, ಹಾರ, ಫಲತಾಂಬೂಲ, ಮಧ್ಯಾಹ್ನ ಹೋಳಿಗೆ ಊಟ, ಎಲ್ಲ ತೀರ್ಮಾನ ಆಗಿದೆ. ಸ್ಮರಣ ಸಂಚಿಕೆಗೆ ಮೇಷ್ಟ್ರುಗಳ ಪರಿಚಯ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಬದುಕಿರುವವರಿಗೆ ಫೋನ್ ಮಾಡಿದೆ, ಇಲ್ಲದವರ ಮಕ್ಕಳಿಗೆ ಮಾಡಿದೆ. ಅದರಿಂದ ಹುಟ್ಟಿದ ತಕರಾರು ಇದು. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಗಣಿತ, ವಿಜ್ಞಾನದವರ ಪರಿಚಯ ಒಂದೇ ಮಧ್ಯಾಹ್ನ ಮುಗಿದುಹೋಯಿತು. ಪಿಯುಸಿ ಸೈನ್ಸು, ಬಿ.ಎಸ್ಸಿ., ಬಿ.ಎಡ್., ನೇಮಕಾತಿ, ವರ್ಗಾವಣೆ, ನಿವೃತ್ತಿ. ಊರಿನ ಹೆಸರು ಬದಲಾಯಿಸಿದರೆ ಒಬ್ಬರ ಪರಿಚಯ ಇನ್ನೊಬ್ಬರಿಗೂ ಆಗುತ್ತೆ. ಅವರನ್ನು ಹಗುರ ಮಾಡ್ತಾ ಇಲ್ಲ. ಆ ದಾರಿ ಇದ್ದದ್ದೇ ಒಂದು. ಲ್ಯಾಬ್ ಇರುವ ಕಾಲೇಜು ಬೇಕು, ಅದು ಪೇಟೆಯಲ್ಲಿರುತ್ತೆ, ಪೇಟೆಗೆ ಕಳಿಸಿ ಓದಿಸುವ ಮನೆ ಬೇಕು. ಕನ್ನಡ, ಹಿಂದಿ, ಇಂಗ್ಲಿಷ್, ಸಮಾಜ ಪಾಠ ಮಾಡಿದವರದು ಹಾಗಲ್ಲ. ಒಬ್ಬೊಬ್ಬರದೂ ಒಂದೊಂದು ಪುರಾಣ. ಅರ್ಧ ಪುಟಕ್ಕೆ ಇಳಿಸಿ ಅಂತ ಸಂಪಾದಕ ಮಿತ್ರ ದಿನಾ ಮೆಸೇಜ್ ಹಾಕ್ತಾನೆ. ಇಳಿಯಲ್ಲ ಅಂತ ನಾನೂ ದಿನಾ ಉತ್ತರ ಹಾಕ್ತೀನಿ.

ಭೂಗೋಳ, ಇತಿಹಾಸ ಮಾಡುತ್ತಿದ್ದ ನಮ್ಮ ಸಮಾಜದ ಮೇಷ್ಟ್ರು ಕೆಲಸಕ್ಕೆ ಸೇರುವ ಮೊದಲು ಕೆಎಸ್ಆರ್‌ಟಿಸಿ ಕಂಡಕ್ಟರ್ ಆಗಿದ್ದರಂತೆ. ಶಿವಮೊಗ್ಗ–ಚಳ್ಳಕೆರೆ ಮಾರ್ಗ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತಲ್ಲ, ಅದರಲ್ಲಿ ಬಿ.ಎ. ಕಟ್ಟಿ, ರಾತ್ರಿ ಹಾಲ್ಟ್ ಇರುವ ಊರುಗಳಲ್ಲಿ ಬಸ್ಸಿನ ಸೀಟಿನ ಮೇಲೇ ಕೂತು ಓದಿದವರು. ಆಮೇಲೆ ಸಾಲ ಮಾಡಿ ಬಿ.ಎಡ್. ಈ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಮಳೆ ನೆರಳಿನ ಪ್ರದೇಶ ಅಂದರೇನು ಅಂತ ಅವರು ಹೇಳಿಕೊಟ್ಟ ರೀತಿ ಮಾತ್ರ ನಮ್ಮಲ್ಲಿ ಯಾರೂ ಮರೆತಿಲ್ಲ. "ಶಿವಮೊಗ್ಗದಲ್ಲಿ ಬಸ್ಸು ಹತ್ತೋರ ಕೈಲಿ ಕೊಡೆ, ಟಾಪ್ ಮೇಲೆ ಅಡಿಕೆ ಮೂಟೆ. ಹೊಳಲ್ಕೆರೆ ದಾಟೋ ಹೊತ್ತಿಗೆ ಕೊಡೆ ಎಲ್ಲ ಇಳಿದೋಗಿರ್ತವೆ. ಚಳ್ಳಕೆರೇಲಿ ಹತ್ತೋರು ಕಡ್ಲೇಕಾಯಿ ಚೀಲ ತರ್ತಾರೆ, ಹೆಗಲ ಮೇಲೆ ಕಂಬಳಿ ಇರ್ತದೆ. ಯಾಕ್ ಹೇಳ್ರಪ್ಪಾ?" ಅಂತ ಕೇಳೋರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ, ಚಳ್ಳಕೆರೆಯಲ್ಲಿ 500ಕ್ಕೂ ಕಡಿಮೆ. ಪಶ್ಚಿಮ ಘಟ್ಟ ಮೋಡವನ್ನು ತಡೆದು ಆಚೆಯೇ ಸುರಿಸಿಬಿಡುತ್ತೆ, ಈಚೆ ಬರೋದು ಒಣ ಗಾಳಿ. ಪುಸ್ತಕದಲ್ಲಿ ಇದು ಎರಡು ಸಾಲು. ನಮಗೆ ಅದು ಇಡೀ ಒಂದು ಬಸ್ ಪ್ರಯಾಣ ಆಗಿತ್ತು. ಹೇಗೆ ಸಾರ್ ಇದೆಲ್ಲ ನಿಮಗೆ ಗೊತ್ತು ಅಂತ ಒಬ್ಬನೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಈಗ ಫೋನಿನಲ್ಲಿ ಕೇಳಿದರೆ, "ಮೇಷ್ಟ್ರು ಹಿಂದೆ ಟಿಕೆಟ್ ಹರೀತಿದ್ದ ಅಂದ್ರೆ ನೀವು ಮರ್ಯಾದೆ ಕೊಡ್ತಿದ್ರೇನಪ್ಪಾ?" ಅಂದರು. ಕೊಡ್ತಿರಲಿಲ್ಲ. "ರೈಟ್ ರೈಟ್" ಅಂತ ಅಡ್ಡಹೆಸರು ಇಟ್ಟು ಜೀವ ತಿಂತಿದ್ದೆವು. ಬರೀ ಗಂಡು ಹುಡುಗರ ಶಾಲೆ ಎಷ್ಟು ದುಷ್ಟವಾಗಿರುತ್ತೆ ಅಂತ ಓದಿದವರಿಗೇ ಗೊತ್ತು.

ಕನ್ನಡ ಪಂಡಿತರದು ಇನ್ನೊಂದು ಲೋಕ. ಅವರು ಕಾಲೇಜಿನ ಮೆಟ್ಟಿಲು ಹತ್ತಿದ್ದು ಬಹಳ ತಡವಾಗಿ. ಮೊದಲು ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದುಕೊಂಡು ಸಂಸ್ಕೃತ ಪಾಠಶಾಲೆ, ಆಮೇಲೆ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳು. ಊರೂರಿಗೆ ಗಮಕ ವಾಚನಕ್ಕೆ ಹೋಗುತ್ತಿದ್ದರು. ಭಾಮಿನಿ ಷಟ್ಪದಿಯನ್ನು ಅವರು ಓದಿದರೆ ಹಿಂದಿನ ಬೆಂಚಿನಲ್ಲಿ ಕೂತು ಬೀಡಿ ಕಟ್ಟು ಎಣಿಸುವವನಿಗೂ ಅರ್ಥ ಆಗುತ್ತಿತ್ತು. ಹಿಂದಿ ಮೇಷ್ಟ್ರೂ ಸುಮಾರಾಗಿ ಅದೇ ಥರ. 1918ರಲ್ಲಿ ಮದರಾಸಿನಲ್ಲಿ ಶುರುವಾದ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ, ಪ್ರವೀಣ ಆಗಿ ಬಂದವರು. ಅವರ ತಂದೆ ಖಾದಿ ಭಂಡಾರ ನಡೆಸಿದವರಂತೆ. ತಮಾಷೆ ಅಂದರೆ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ್ದ ಗೋಕಾಕ್ ವರದಿ ಜಾರಿಯಾಗಲಿ ಅಂತ 1982ರಲ್ಲಿ ನಮ್ಮೂರಿನಲ್ಲಿ ಮೆರವಣಿಗೆ ಹೊರಟಾಗ ಕನ್ನಡ ಪಂಡಿತರ ಪಕ್ಕದಲ್ಲೇ ಈ ಹಿಂದಿ ಪಂಡಿತರೂ ನಡೆದಿದ್ದರು ಅಂತ ಅವರ ಮಗ ಹೇಳಿದರು.

ಇಂಗ್ಲಿಷ್ ಮೇಷ್ಟ್ರ ಬಗ್ಗೆ ಹೇಳೋದು ಕಮ್ಮಿ. ಅವರು ಓದಿದ್ದು ಅರ್ಥಶಾಸ್ತ್ರ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ತರಬೇತಿಗೆ ಹೋಗಿ ಬಂದಿದ್ದರು, ವಾಪಸ್ ಬಂದು ಗೈಡ್ ನೋಡಿ ಪ್ರಶ್ನೋತ್ತರ ಬರೆಸಿದರು. ಬಡ್ಡಿ ವ್ಯವಹಾರ ಇತ್ತು. ಎಲ್ಲ ಆರ್ಟ್ಸ್ ಮೇಷ್ಟ್ರುಗಳೂ ಮಹಾನುಭಾವರು ಅಂತ ನಾನು ಹೇಳ್ತಾ ಇಲ್ಲ ಅನ್ನೋದಕ್ಕೆ ಈ ಮಾತು.

ನಾನು ಹೇಳುತ್ತಿರೋದು ಬೇರೆ. ಬಿ.ಎ. ಅಂದರೆ ಏನೂ ಸಿಗದವರು ಮಾಡುವ ಡಿಗ್ರಿ ಅಂತ ನಮ್ಮ ಕಡೆ ಈಗಲೂ ಮಾತಿದೆ. ಅರ್ಧ ನಿಜ. ಹೋಬಳಿ ಮಟ್ಟದ ಕಾಲೇಜಿನಲ್ಲಿ ಇದ್ದದ್ದೇ ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ, ಅಂದರೆ ಇತಿಹಾಸ, ಅರ್ಥಶಾಸ್ತ್ರದ ಜೊತೆಗೆ ರಾಜ್ಯಶಾಸ್ತ್ರವೋ ಸಮಾಜಶಾಸ್ತ್ರವೋ ಕನ್ನಡವೋ. ಹೊಲ ಬಿಟ್ಟು ಹೋಗಲಾರದವನು, ಹಗಲು ದುಡಿದು ಸಂಜೆ ಕಾಲೇಜಿಗೆ ಹೋಗುವವನು, ಅಂಚೆಯಲ್ಲಿ ಓದುವವನು, ಮಠದಿಂದ ಬಂದವನು, ಮೂವತ್ತು ದಾಟಿದ ಮೇಲೆ ಪುಸ್ತಕ ಹಿಡಿದವನು, ಇವರಿಗೆಲ್ಲ ತೆರೆದಿದ್ದ ಬಾಗಿಲು ಅದೊಂದೇ. ಹಾಗಾಗಿಯೇ ಒಂದು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಲೋಕ ಕಂಡವರು ಅಂತ ಯಾರಾದರೂ ಇದ್ದರೆ ಅದು ಆರ್ಟ್ಸ್ ಕಡೆಯವರಲ್ಲೇ. ನಮ್ಮ ಸಮಾಜ ಪಾಠಕ್ಕೆ ಇಬ್ಬರು ಮೇಷ್ಟ್ರುಗಳಿದ್ದರು. ಎರಡನೆಯವರು ಹಾಸ್ಟೆಲಿನಲ್ಲಿ ಓದಿದವರು, ಅವರ ಮನೆತನದಲ್ಲಿ ಅಕ್ಷರ ಕಲಿತ ಮೊದಲಿಗರು. ಹಿಂದುಳಿದ ವರ್ಗಗಳ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತಲ್ಲ, ಅದರ ಬೆನ್ನಿಗೆ ಬಂದ ಮೀಸಲಾತಿಯಲ್ಲಿ ನೌಕರಿಗೆ ಬಂದ ಪೀಳಿಗೆ. ಅಗ್ರಹಾರದಿಂದ ಬಂದ ಸಂಸ್ಕೃತ ವಿದ್ವಾಂಸರು ಮತ್ತು ಇವರು ಒಂದೇ ಮೇಜಿನ ಎರಡು ತುದಿಗಳಲ್ಲಿ ಕೂತು ಟಿಫನ್ ಡಬ್ಬಿ ತೆಗೆಯುತ್ತಿದ್ದರು. ಇಬ್ಬರ ನಡುವೆ ಖಾಲಿ ಬಿಟ್ಟಿದ್ದ ಕುರ್ಚಿಯನ್ನು ನಾವು ಕಂಡಿದ್ದೇವೆ. ಯಾಕೆ ಖಾಲಿ ಅಂತ ಕೇಳುವ ವಯಸ್ಸಲ್ಲ ನಮ್ಮದು. ಕೇಳಿದ್ದರೂ ಹೇಳುವವರು ಯಾರು?

ಈ ಎರಡನೇ ಮೇಷ್ಟ್ರ ಮೇಲೇ ನನಗೆ ಹೆಚ್ಚು ಪ್ರೀತಿ, ಹೆಚ್ಚು ಸಿಟ್ಟು ಕೂಡ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದಾಗ ಅವರು ಕಾಲೇಜು ಹುಡುಗ. ದಲಿತ ಸಂಘರ್ಷ ಸಮಿತಿಯ ಹಾಡುಗಳನ್ನು ತಮಟೆ ಹೊಡೆದುಕೊಂಡು ಹಾಡಿದವರು. ಈಗ ಫೋನಿನಲ್ಲಿ ಗಂಟೆಗಟ್ಟಲೆ ಹೇಳಿದರು. ಕ್ಲಾಸಿನಲ್ಲಿ? ಒಂದು ಅಕ್ಷರ ಇಲ್ಲ. ಮೂರು ವರ್ಷ ಅವರು ನಮಗೆ ಬರೆಸಿದ್ದು ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳು, ಪ್ಲಾಸಿ ಕದನದ ಕಾರಣಗಳು, ಪರಿಣಾಮಗಳು. ಯಾಕೆ ಸಾರ್ ಅಂದೆ. ಪ್ರೊಬೇಷನರಿ ಮುಗಿದಿರಲಿಲ್ಲ, ಆಮೇಲೆ ನಡತೆ ನಿಯಮ ಇತ್ತು, ಆಮೇಲೆ ಮಕ್ಕಳ ಮದುವೆ ಇತ್ತು ಅಂದರು. ನ್ಯಾಯವಾದ ಉತ್ತರವೇ. ಸಿಟ್ಟು ಅವರ ಮೇಲಲ್ಲ ಅಂತ ಆಗ ಹೊಳೆಯಿತು. ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಅನ್ನೋ ಹಾಗೆ, ನಿಮ್ಮ ಬದುಕನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಬನ್ನಿ ಅಂತ ಶಾಲೆ ಇವರಿಗೆಲ್ಲ ಹೇಳಿತ್ತು. ಕಂಡಕ್ಟರ್ ಮೇಷ್ಟ್ರು ಕದ್ದುಮುಚ್ಚಿ ಸ್ವಲ್ಪ ಒಳಗೆ ತಂದರು. ಇವರಿಗೆ ಆಗಲಿಲ್ಲ.

ಹಿಂದೆಯೂ ಇದು ಸಲೀಸಾಗಿರಲಿಲ್ಲ ಅನ್ನಿ. ಬೇಂದ್ರೆಯವರು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದವರು. ಒಂದು ಪದ್ಯಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜೈಲಿಗೆ ಹಾಕಿತು, ಆಮೇಲೆ ವರ್ಷಗಟ್ಟಲೆ ನೆಟ್ಟಗೆ ಒಂದು ನೌಕರಿ ಸಿಗಲಿಲ್ಲ. ಅದೇ ಧಾರವಾಡದಲ್ಲಿ ಶಂ.ಬಾ. ಜೋಶಿಯವರು ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದೆ ಹೈಸ್ಕೂಲ್ ಮಾಸ್ತರಿಕೆ ಮಾಡಿಕೊಂಡೇ ಕನ್ನಡ ಸಂಸ್ಕೃತಿಯ ಬೇರುಗಳನ್ನು ಅಗೆದರು. ಕಾಸರಗೋಡಿನ ಕಡೆ ಕಯ್ಯಾರ ಕಿಞ್ಞಣ್ಣ ರೈಗಳು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು, ಪತ್ರಿಕೆಗಳಿಗೆ ಬರೆದವರು, ಸ್ವಾತಂತ್ರ್ಯ ಹೋರಾಟ ಮಾಡಿದವರು, ಕೃಷಿಕರು. ಇಷ್ಟನ್ನೂ ಇಟ್ಟುಕೊಂಡೇ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದರು. ಗೋಕರ್ಣದ ಹತ್ತಿರದ ಬಂಕಿಕೊಡ್ಲದಂಥ ಹಳ್ಳಿಯ ಒಂದೇ ಹೈಸ್ಕೂಲಿನಲ್ಲಿ ಗೌರೀಶ ಕಾಯ್ಕಿಣಿ, ಸು.ರಂ. ಎಕ್ಕುಂಡಿ ಇಬ್ಬರೂ ಪಾಠ ಮಾಡಿದರು. ಇವರೆಲ್ಲ ದೊಡ್ಡವರು, ನಮ್ಮ ಮೇಷ್ಟ್ರುಗಳನ್ನು ಅವರ ಪಕ್ಕ ನಿಲ್ಲಿಸಲ್ಲ. ಆದರೆ ಆ ಹೈಸ್ಕೂಲುಗಳ ಹುಡುಗರಿಗೆ ತಮ್ಮ ಮಾಸ್ತರರು ಯಾರು ಅಂತ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಜಾತಿ, ಕಸುಬು, ಊರು, ಓದು, ಎಲ್ಲದರಲ್ಲೂ ಬೇರೆ ಬೇರೆ ಆಗಿದ್ದ ಇವರು ಒಂದರಲ್ಲಿ ಮಾತ್ರ ಒಂದೇ. ಎಲ್ಲರೂ ಗಂಡಸರು. ಕೂತಿರುವ ಹುಡುಗರೂ ಗಂಡಸರೇ. ಹಾಗಾಗಿ ನಮಗೆ ಗೊತ್ತಿದ್ದ ಹೆಂಗಸರು ಅಂದರೆ ಕಿತ್ತೂರು ಚೆನ್ನಮ್ಮ, ಅಬ್ಬಕ್ಕ, ಓಬವ್ವ, ಎಲ್ಲರ ಕೈಯಲ್ಲೂ ಕತ್ತಿ ಇಲ್ಲವೇ ಒನಕೆ. ಬಾಲ್ಯವಿವಾಹ, ವರದಕ್ಷಿಣೆಯ ಪಾಠ ಬಂದರೆ "ಇದನ್ನು ಮನೇಲಿ ಓದ್ಕೊಳ್ಳಿ" ಅಂತ ಪುಟ ಮಗುಚೋರು. ನಾವು ಹತ್ತನೇ ಕ್ಲಾಸಿನಲ್ಲಿದ್ದಾಗ ಬದಲಿಯಾಗಿ ಕೆಲವು ತಿಂಗಳು ಒಬ್ಬ ಮೇಡಂ ಬಂದರು. ಅವರು ಪುಟ ಮಗುಚಲಿಲ್ಲ. ತಮ್ಮ ಅಕ್ಕನ ಮದುವೆಗೆ ಅಪ್ಪ ಮಾರಿದ ಜಮೀನಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದರು, ಎಕರೆಗೆ ಎಷ್ಟು, ಬಡ್ಡಿ ಎಷ್ಟು, ತೀರಿಸಿದ್ದು ಯಾವಾಗ ಅಂತ. ಕ್ಲಾಸು ಪಿಟ್ಟೆನ್ನಲಿಲ್ಲ. ಸ್ಮರಣ ಸಂಚಿಕೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ, "ಪರ್ಮನೆಂಟ್ ಅಲ್ವಲ್ಲ" ಅಂತ ಸಮಿತಿಯ ವಾದ. ಸೇರಿಸದೆ ನಾನು ಒಂದು ಪರಿಚಯವನ್ನೂ ಕೊಡಲ್ಲ ಅಂತ ಕೂತಿದ್ದೇನೆ.

ಈಗಿನ ಕಥೆ? ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನ ಅಂದರೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಆರೂ ಸೇರಿ ಒಂದೇ ವಿಷಯ, ಒಬ್ಬರೇ ಮೇಷ್ಟ್ರು. ಇತಿಹಾಸ ಓದಿದವರು ಬ್ಯಾಂಕ್ ಖಾತೆಯ ವಿಧಗಳನ್ನೂ ಹೇಳಬೇಕು, ಸಮಾಜಶಾಸ್ತ್ರದವರು 82½ ಡಿಗ್ರಿ ಪೂರ್ವ ರೇಖಾಂಶವನ್ನೂ ಎಳೆಯಬೇಕು. 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ. ಜನವರಿ ಬಂತು ಅಂದರೆ ಪಾಸಿಂಗ್ ಪ್ಯಾಕೇಜ್: ಭಾರತದ ನಕ್ಷೆ ಬಾಯಿಪಾಠ, ಇಷ್ಟು ಒಂದಂಕದ ಪ್ರಶ್ನೆ, ಮುಗಿಯಿತು. ಬಿ.ಎಡ್. 2015ರಿಂದ ಎರಡು ವರ್ಷ ಆಗಿದೆ. ಕಂಡಕ್ಟರ್ ಕೆಲಸ ಮಾಡಿಕೊಂಡು ಓದುವವನು ಎರಡು ವರ್ಷ ರಜೆ ಎಲ್ಲಿಂದ ತರಬೇಕು? ತರಬೇತಿ ಗಟ್ಟಿಯಾಗಲಿ ಅನ್ನೋದಕ್ಕೆ ನನ್ನ ವಿರೋಧವಿಲ್ಲ. ಆದರೆ ಸಂಬಳ ನಿಂತರೆ ಮನೆ ನಡೆಯದವರಿಗೆ ಈ ದಾರಿ ಇನ್ನಷ್ಟು ಕಿರಿದಾಗಿದೆ, ಅದರ ಬಗ್ಗೆ ಯಾರೂ ಮಾತಾಡ್ತಾ ಇಲ್ಲ. ಪಾಠಶಾಲೆಯ ದಾರಿ, ರತ್ನ ಪರೀಕ್ಷೆಯ ದಾರಿಯಂತೂ ಹೆಚ್ಚೂಕಡಿಮೆ ಮುಚ್ಚಿಹೋಗಿದೆ.

ಹಾಗಂತ ದಾರಿಗಳೇ ಇಲ್ಲ ಅಂತಲೂ ಅಲ್ಲ, ಹೊಸವು ಹುಟ್ಟಿವೆ. ನಮ್ಮ ಚಿಕ್ಕಪ್ಪನ ಮಗ ಎಂ.ಎ. ಇತಿಹಾಸ, ಬಿ.ಎಡ್., ಟಿಇಟಿ ಎಲ್ಲ ಮುಗಿಸಿ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕ. ಗೌರವಧನ ಬಂದಾಗ ಬಂತು, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಸಂಜೆ ಆರರಿಂದ ಹನ್ನೊಂದರವರೆಗೆ ಬೈಕಿನಲ್ಲಿ ಊಟ ತಲುಪಿಸ್ತಾನೆ. ಆ್ಯಪ್ ಯಾರಿಗೆ ಎಷ್ಟು ಕೊಡುತ್ತೆ, ರೇಟಿಂಗ್ ಬಿದ್ದರೆ ಏನಾಗುತ್ತೆ, ಪೆಟ್ರೋಲ್ ಕಳೆದರೆ ಉಳಿಯುವುದೆಷ್ಟು, ಎಲ್ಲ ಅವನ ಬಾಯಲ್ಲಿದೆ. ಹತ್ತನೇ ಕ್ಲಾಸಿಗೆ ಅರ್ಥಶಾಸ್ತ್ರವೂ ಅವನದೇ, ಸಮಾಜಶಾಸ್ತ್ರದ "ದುಡಿಮೆ" ಪಾಠವೂ ಅವನದೇ. ಹೇಳ್ತೀಯೇನೋ ಹುಡುಗರಿಗೆ ಇದನ್ನೆಲ್ಲ ಅಂದೆ. "ಒಂದಿನ ಒಂದು ಮನೆ ಬಾಗಿಲು ತಟ್ಟಿದರೆ ನನ್ನ ಸ್ಟೂಡೆಂಟೇ ತೆಗೆದ ಅಣ್ಣಾ. ಅವನಿಗೆ ನಾಚಿಕೆಯಾಯ್ತು, ನನಗಲ್ಲ. ಮಾರನೇ ದಿನ ಕ್ಲಾಸಿನಲ್ಲಿ ಅದೇ ಬಿಲ್ ತೋರಿಸಿ ಲೆಕ್ಕ ಮಾಡಿಸಿದೆ" ಅಂದ. ಮುಖ್ಯೋಪಾಧ್ಯಾಯರು ರೌಂಡ್ಸ್ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರಂತೆ, ಏನೂ ಅನ್ನಲಿಲ್ಲವಂತೆ. ಮುಂದಿನ ವರ್ಷ ಅವನನ್ನೇ ಮತ್ತೆ ತಗೋತಾರೋ ಇಲ್ಲವೋ ಜೂನ್‌ನಲ್ಲಿ ಗೊತ್ತಾಗುತ್ತೆ.