ನೂಲು ಹತ್ತು ಹೆಜ್ಜೆ ನಡೆದ ಕಥೆ

ಗಿರಣಿಯ ಒಂದು ಶೆಡ್ಡಿನಲ್ಲಿ ನೂಲು ತೆಗೆಯುತ್ತಾರೆ. ಪಕ್ಕದ ಶೆಡ್ಡಿನಲ್ಲಿ ಅದೇ ನೂಲಿನಿಂದ ಬಟ್ಟೆ ನೇಯುತ್ತಾರೆ. ನಡುವೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ನೂಲು ಕಾರ್ಖಾನೆ ಬಿಟ್ಟು ಹೊರಗೆ ಹೋಯಿತು ಅನ್ನುವುದು, ತಯಾರಾದ ಮಾಲು ಕಾರ್ಖಾನೆ ಬಿಡುವಾಗ ಕಟ್ಟಬೇಕಿದ್ದ ಕೇಂದ್ರ ಅಬಕಾರಿ ಸುಂಕದ ಲೆಕ್ಕವಾಗಿತ್ತು. ಗೇಟು ತೆರೆದಿಲ್ಲ, ಲಾರಿ ಬಂದಿಲ್ಲ, ವಾಚ್‌ಮನ್ ಕುರ್ಚಿಯಿಂದ ಎದ್ದೂ ಇಲ್ಲ. ಆದರೂ ಹೋಯಿತು. ಹೋಗಿದೆ ಎಂದು ಭಾವಿಸತಕ್ಕದ್ದು.

ಭಾವಿಸುವುದು ಕವಿಗಳ ಕೆಲಸ ಅಂದುಕೊಂಡಿದ್ದೆ.

ಒಳಗೇ ಇರುವ ಮಾಲು ಹೊರಗೆ ಹೋಗೋದು ಹೇಗೆ ಸ್ವಾಮಿ ಎಂದು ಗಿರಣಿಯವರು ಕೋರ್ಟಿಗೆ ಹೋದರು. ಸರ್ಕಾರ ನಿಯಮವನ್ನೇ ಬದಲಿಸಿತು. 1982ರಲ್ಲಿ ಅಬಕಾರಿಯ 9 ಮತ್ತು 49ನೇ ನಿಯಮಗಳಿಗೆ, ಒಳಗೇ ಬಳಸಿದ ಮಾಲೂ ಹೊರಗೆ ಹೋದಂತೆಯೇ ಎಂಬ ಒಂದು ವಿವರಣೆ ಸೇರಿಸಿ, ಇದು 1944ರಿಂದಲೇ ಇತ್ತು ಅಂದಿತು. 38 ವರ್ಷದ ಹಿಂದೆ ನೇಯ್ದು ಮುಗಿದ ನೂಲೂ ಒಂದೇ ದಿನದಲ್ಲಿ ಗೇಟು ದಾಟಿಬಿಟ್ಟಿತು. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಪುಣ್ಯಕ್ಕೆ, ಹಳೆಯ ಸುಂಕದ ಬಾಕಿಯನ್ನು ಅಬಕಾರಿ ಕಾಯ್ದೆಯ 11-ಎ ಕಲಮಿನ ಕಾಲಮಿತಿಯೊಳಗೇ ಕೇಳಬೇಕು ಎಂದೂ ಹೇಳಿತು. ಇಲ್ಲದಿದ್ದರೆ ಅಜ್ಜ ಉಟ್ಟು ಹರಿದ ಪಂಚೆಯ ನೂಲಿಗೆ ಗಿರಣಿ ಮಾಲೀಕರ ಮೊಮ್ಮಗನಿಗೆ ನೋಟಿಸು ಬರುತ್ತಿತ್ತು.

ಸರಿ, ಮಾರದೇ ಇರುವ ಮಾಲಿಗೆ ಬೆಲೆ ಕಟ್ಟುವುದು ಹೇಗೆ? ಅದಕ್ಕೂ ನಿಯಮ ಇತ್ತು. 2000ದಲ್ಲಿ ತಯಾರಿಕೆಯ ಖರ್ಚಿನ ಶೇ 115 ಅಂದರು. 2003ರಲ್ಲಿ ಮನಸ್ಸು ಕರಗಿ ಶೇ 110ಕ್ಕೆ ಇಳಿಸಿದರು. ಅಂದರೆ ನಾನು ನನಗೇ ಮಾರಿ, ನನ್ನಿಂದಲೇ ಶೇ 10 ಲಾಭ ಹೊಡೆದೆ. ಇಂಥ ಗಿರಾಕಿ ಎಲ್ಲಿ ಸಿಗ್ತಾನೆ? ಚೌಕಾಸಿ ಇಲ್ಲ, ಸಾಲ ಇಲ್ಲ.

ಸಕ್ಕರೆ ಕಾರ್ಖಾನೆಯವರದ್ದು ಇನ್ನೂ ಮಜಾ. ಕಬ್ಬಿನ ರಸ ತಿಳಿಯಾಗಲೆಂದು ಗೂಡಿನಲ್ಲಿ ಸುಣ್ಣದ ಕಲ್ಲನ್ನು ಕೋಕ್ ಜೊತೆ ಸುಡುತ್ತಿದ್ದರು. ಬಂದ ಅನಿಲ ಪೈಪಿನಲ್ಲಿ ನೇರ ರಸಕ್ಕೆ. ಅದರಲ್ಲಿ ಒಂದಷ್ಟು ಕಾರ್ಬನ್ ಡೈಆಕ್ಸೈಡ್ ಇತ್ತು, ಮಿಕ್ಕಿದ್ದು ಬೇರೆ ಏನೇನೋ. ಇಲಾಖೆಯ ಮೂಗಿಗೆ ಅದು ಸಿಲಿಂಡರಿನಲ್ಲಿ ತುಂಬಿ ಮಾರುವ ಕಾರ್ಬನ್ ಡೈಆಕ್ಸೈಡ್ ತರಹವೇ ಬಡಿಯಿತು! ಗೂಡಿನ ಹೊಗೆಗೆ ಪೇಟೆಯಲ್ಲಿ ಆ ಹೆಸರಿಲ್ಲ, ಸುಂಕವೂ ಇಲ್ಲ ಎಂದು ಹೇಳಲು 1968ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಅರೆಬರೆ ಮಾಲಿಗೆ ಸುಂಕ ಹಾಕಬೇಕಾದರೆ ಅದು ಪೇಟೆಯಲ್ಲಿ ಮಾರಬಲ್ಲ ಹೊಸ ವಸ್ತು ಆಗಿರಬೇಕು, ಅದನ್ನು ಸಾಬೀತು ಮಾಡೋದು ಇಲಾಖೆಯ ಹೊಣೆ. ಒಬ್ಬ ಇನ್‌ಸ್ಪೆಕ್ಟರು ಚೀಲದಲ್ಲಿ ಹೊಗೆ ತುಂಬಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯೋದನ್ನು ನೆನೆಸಿಕೊಳ್ಳಿ.

ಇಷ್ಟೆಲ್ಲ ಹೋರಾಡಿ ಹಾಕಿದ ಸುಂಕಕ್ಕೆ 67/95 ಎಂಬ ಅಧಿಸೂಚನೆಯಲ್ಲಿ ಮಾಫಿಯೂ ಇತ್ತು. ಕೊನೆಯ ಮಾಲಿಗೆ ಸುಂಕ ಇದ್ದರೆ ನಡುವಿನದಕ್ಕೆ ಮಾಫಿ. ಕೊನೆಯದಕ್ಕೇ ಮಾಫಿ ಇದ್ದರೆ ಸಾಮಾನ್ಯವಾಗಿ ನಡುವಿನದಕ್ಕೆ ಸುಂಕ ಕಟ್ಟಬೇಕಿತ್ತು. ಮದುವೆ ಊಟ ಪುಕ್ಕಟೆ, ಒಗ್ಗರಣೆಗೆ ಬಿಲ್ಲು.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಪೆಟ್ರೋಲು, ಡೀಸೆಲು, ತಂಬಾಕಿನಂಥವನ್ನು ಬಿಟ್ಟು ಉಳಿದದ್ದರ ಅಬಕಾರಿ ಹೋಯಿತು. ಈಗ ತೆರಿಗೆ ಬೀಳಲು ಮಾಲು ತಯಾರಾದರೆ ಸಾಲದು, ಇನ್ನೊಬ್ಬರಿಗೆ ಪೂರೈಕೆ ಆಗಬೇಕು. ನೂಲು ಹತ್ತು ಹೆಜ್ಜೆ ಸುಮ್ನೆ ನಡೆಯಬಹುದು. ಪಕ್ಕದ ಶೆಡ್ಡು ಮಾತ್ರ ಗಡಿಯಾಚೆಯ ರಾಜ್ಯದಲ್ಲಿ ಇರಬಾರದು. ಇದ್ದರೆ, ಆ ಶೆಡ್ಡಿನಲ್ಲಿರುವ ನಾನು ಬೇರೆ ವ್ಯಕ್ತಿ ಎಂದು ಭಾವಿಸತಕ್ಕದ್ದು.